ಮೊಗಲಾಯಿ ಭಂಗಿ, ಕಂಪನಿ ಕಾಯಿದೆ

ಈಗ ಹೇಳಲಿರುವ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋದವನಲ್ಲ. ಅವೇ ದಿನಾ ರೈಲಿನ ಹೊತ್ತಿಗೆ ಸರಿಯಾಗಿ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದವು. ರೈಲು ಒಮ್ಮೊಮ್ಮೆ ತಡವಾಗುತ್ತಿತ್ತು, ಇವು ಮಾತ್ರ ಒಂದು ದಿನವೂ ತಡಮಾಡಲಿಲ್ಲ.

ಆಗ ನಾನು ಕಲಬುರ್ಗಿ ಸ್ಟೇಷನ್ನಿನ ಸುಂಕದ ನಾಕೆಯಲ್ಲಿ ಮುನಶಿ, ಅಂದರೆ ಗುಮಾಸ್ತ. ನಮ್ಮದು ನಿಜಾಮರ ರಾಜ್ಯ, ಜನರ ಬಾಯಲ್ಲಿ ಮೊಗಲಾಯಿ. ಪಶ್ಚಿಮದ ಕಡೆ ಹೋಗುವ ರೈಲು ಹತ್ತಿ ಸ್ವಲ್ಪ ಹೊತ್ತು ಕೂತರೆ ಗಡಿ ಬರುತ್ತಿತ್ತು. ಅದರಾಚೆ ಇಂಗ್ಲಿಷರ ಸೀಮೆ. ಕಂಪನಿ ಹೋಗಿ ಎಷ್ಟೋ ಕಾಲವಾಗಿದ್ದರೂ ನಮ್ಮ ಜನ ಅದನ್ನು ಕಂಪನಿ ಸರಕಾರ ಅಂತಲೇ ಕರೆಯುತ್ತಿದ್ದರು. ಭಾಷೆ ಅದೇ, ಬಿಸಿಲೂ ಅದೇ, ಕಾಯಿದೆ ಮಾತ್ರ ಬೇರೆ. ನಮ್ಮಲ್ಲಿ ಭಂಗಿ, ಗಾಂಜಾಕ್ಕೆ ಸರಕಾರದ ಪರವಾನಗಿ ಪಡೆದ ಅಂಗಡಿ ಇತ್ತು. ಹಾಡಹಗಲು ಹೋಗಿ ಕೊಂಡುಕೊಳ್ಳಬಹುದಿತ್ತು. ಅದೇ ಪೊಟ್ಟಣವನ್ನು ಗಂಟಿನಲ್ಲಿಟ್ಟುಕೊಂಡು ಗಡಿ ದಾಟಿದರೆ ಆಚೆ ಕಡೆಯವರ ಲೆಕ್ಕದಲ್ಲಿ ಕಳ್ಳಮಾಲು. ಹಿಡಿದು ಕೂರಿಸುತ್ತಿದ್ದರು.

ಈ ಭೇದವನ್ನು ಪರಸೀಮೆಗೆ ಹೊರಟ ಪ್ರತಿಯೊಬ್ಬರಿಗೂ ತಿಳಿಸಿ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಬೀಳಿಸಿದವರು ನಾಕೆಯ ಮೇಲಧಿಕಾರಿ, ನಮ್ಮ ದಾರೋಗಾ ಸಾಹೇಬರು. ಮೀಸೆ ತಿರುವಿ ಅವರು ಹೇಳಿದ ಮಾತು ನನಗಿನ್ನೂ ನೆನಪಿದೆ.

"ಮುನಶೀಜಿ, ಆ ಕಡಿಯಿಂದ ಮೂರು ಶಿಕಾಯತ್ ಬಂದ್ವಂದ್ರ ನಿಮ್ಮ ತಬಾದಲಾ ಆದಿಲಾಬಾದಿಗಿ. ಅಲ್ಲಿ ಅಡವಿ ಅದ, ಹುಲಿ ಅದಾವ. ಕೂತು ಹುಲಿಗೆ ಕಾಯಿದೆ ಹೇಳ್ರಿ."

ಮೂರು ದೂರು ಬಂದರೆ ವರ್ಗ, ಅದೂ ಹುಲಿಯ ಸೀಮೆಗೆ! ನನ್ನ ಮನೆ ಕಮಲಾಪುರದಲ್ಲಿ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಶುಕ್ರವಾರ ಕಚೇರಿಗೆ ರಜೆ. ಗುರುವಾರ ಮಧ್ಯಾಹ್ನ ಟಾಂಗಾ ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆ, ಹಿತ್ತಲಲ್ಲಿ ಕೆಂಪು ಬಾಳೆಹಣ್ಣಿನ ಗೊನೆ, ಬಾಗಿಲಲ್ಲಿ ಹೆಂಡತಿ. ವಾರದ ಉಳಿದ ಐದು ದಿನ ನಾನು ಬದುಕುತ್ತಿದ್ದದ್ದೇ ಆ ಗುರುವಾರದ ಆಸೆಯಿಂದ. ಆದಿಲಾಬಾದಿನಿಂದ ಕಮಲಾಪುರಕ್ಕೆ ಯಾವ ಟಾಂಗಾವೂ ಬರುವುದಿಲ್ಲ.

ಹಾಗಾಗಿ ಟೊಂಕ ಕಟ್ಟಿ ಕಾಯಿದೆ ಹೇಳಲು ನಿಂತೆ.

೧. ಸಾಹುಕಾರರ ಮುಂಬಯಿ

ನನ್ನ ಮೊದಲ ಶಿಷ್ಯರು ಬಟ್ಟೆ ಅಂಗಡಿಯ ಒಬ್ಬ ಸಾಹುಕಾರರು. ಸಂಜೆಯ ಪೂಜೆ ಮುಗಿಸಿ, ಬಾದಾಮಿ ಹಾಲಿನ ಜೊತೆ ಒಂದು ಭಂಗಿ ಉಂಡೆ ನುಂಗಿ, ಆಮೇಲೆ ಲೋಕದ ಮೇಲೆ ಸಿಟ್ಟಿಲ್ಲದೆ ಮಲಗುವುದು ಅವರ ಪದ್ಧತಿ. ಮುಂಬಯಿ ನೋಡಬೇಕೆಂದು ಜೀವಮಾನದಲ್ಲಿ ಮೊದಲ ಸಲ ಹೊರಟಿದ್ದರು. ಕೈಯಲ್ಲಿ ಹಿತ್ತಾಳೆ ಡಬ್ಬಿ, ಅದರಲ್ಲಿ ಎಂಟು ಉಂಡೆ.

"ಸಾಹುಕಾರ್ರ, ಇದನ್ನ ಒಯ್ಯಾಕ ಬರೂದಿಲ್ರಿ," ಅಂದೆ.

"ಯಾಕ? ಕದ್ದು ತಂದೀನೇನು? ಪರವಾನಗಿ ಅಂಗಡ್ಯಾಗ ತಗೊಂಡೀನಿ. ಅಂಗಡಿಯಂವ ನಮ್ಮ ಓಣಿಯವ."

"ಇಲ್ಲಿ ಪರವಾನಗಿ ಅದರಿ, ಅಲ್ಲಿ ನಡ್ಯೂದಿಲ್ಲ. ಗಂಟಿನ್ಯಾಗ ಸಿಕ್ರ ಹಿಡೀತಾರ."

ಸಾಹುಕಾರರು ಡಬ್ಬಿಯ ಮುಚ್ಚಳ ತೆರೆದು ಉಂಡೆಗಳನ್ನು ಎಣಿಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಗಂಟಿನ್ಯಾಗ ಒಯ್ಯಬಾರದು. ಹೊಟ್ಟ್ಯಾಗ ಒಯ್ದರ?" ಅಂದರು.

ನಾನು ಕಾಯಿದೆಯ ಕಾಗದವನ್ನು ಹಿಂದೆ ಮುಂದೆ ತಿರುವಿದೆ. ಹೊಟ್ಟೆಯ ಸುದ್ದಿ ಎಲ್ಲೂ ಇರಲಿಲ್ಲ. "ಅದರ ಬಗ್ಗೆ ಏನೂ ಬರ್ದಿಲ್ರಿ," ಎಂದದ್ದೇ ನನ್ನ ತಪ್ಪು. ನಾನು ಮುಂದಿನವರ ಪೆಟ್ಟಿಗೆ ನೋಡಿ ತಿರುಗುವಷ್ಟರಲ್ಲಿ ಸಾಹುಕಾರರು ಬೆಂಚಿನ ಮೇಲೆ ಕೂತು ಡಬ್ಬಿ ಖಾಲಿ ಮಾಡಿ, ಮೇಲೊಂದು ತಂಬಿಗೆ ನೀರು ಕುಡಿದು ಬಾಯಿ ಒರೆಸಿಕೊಳ್ಳುತ್ತಿದ್ದರು.

ರೈಲು ಬಂತು, ಹೋಯಿತು. ಸಾಹುಕಾರರು ಬೆಂಚಿನ ಮೇಲೆ ಕಣ್ಣು ಮುಚ್ಚಿ ಸಣ್ಣಗೆ ತೂಗಾಡುತ್ತ ಕೂತೇ ಇದ್ದರು. ಎರಡು ಸಲ ಅಲುಗಾಡಿಸಿದೆ. "ದೂರ ಸರಿ, ಕಿಡಕಿ ಗಾಳಿ ಬರಲಿ," ಅಂದರು. ಸಂಜೆ ನಾಲ್ಕರ ಹೊತ್ತಿಗೆ ಕಣ್ಣು ಬಿಟ್ಟು, ಎದ್ದು, ಧೋತರ ಕೊಡವಿ ಸುತ್ತಲೂ ನೋಡಿದರು.

"ಮುಂಬಯಿ ಅಂದ್ರ ಏನೋ ಅನ್ಕೊಂಡಿದ್ದೆ. ನಮ್ಮ ಕಲಬುರ್ಗಿ ಇದ್ದಂಗೇ ಅದ," ಅಂದರು. ನನ್ನನ್ನು ನೋಡಿ, "ಅಲ್ಲೂ ನಿನ್ನಂಥಾವನೇ ಒಬ್ಬ ಮುನಶಿ ಹಾನ. ನೀ ಅವಗಿಂತ ಸ್ವಲ್ಪ ಶಾಣ್ಯಾ ಕಾಣ್ತಿ," ಎಂದು ಹರಸಿದರು.

ಟಾಂಗಾದವನಿಗೆ, ಕನ್ನಡದವರ ಒಂದು ಒಳ್ಳೆ ಊಟದ ಮನೆಗೆ ಕರೆದೊಯ್ಯಲು ಹೇಳಿದರಂತೆ. ಅವನಿಗೆ ಇವರ ಗುರುತು ಇತ್ತು. ಸೀದಾ ಅವರ ಮನೆಗೇ ಇಳಿಸಿದ. ಅವರ ಹೆಂಡತಿ ಒಂದು ಮಾತೂ ಆಡದೆ ಬಡಿಸಿದರು. ಮರುದಿನ ಸಾಹುಕಾರರು ಅಂಗಡಿಯಲ್ಲಿ ಎಲ್ಲರಿಗೂ ಹೇಳಿದ್ದು ಇಷ್ಟು: "ಮುಂಬಯ್ಯಾಗ ಊಟ ಭಾಳ ಚಂದ. ಬಡಸಾಕಿ ಥೇಟ್ ನಮ್ಮ ಮನ್ಯಾಕಿ ಹಂಗೇ ಇದ್ಳು. ಫರಕ್ ಏನಂದ್ರ, ಆಕಿ ಬೈಯಲಿಲ್ಲ."

೨. ಕಾಶಿಯಲ್ಲಿ ಬಿಡುವುದು

ಸಾಹುಕಾರರು ಗಡಿ ದಾಟಲಿಲ್ಲವಾದ್ದರಿಂದ ಶಿಕಾಯತ್ ಬರಲಿಲ್ಲ. ಮೊದಲ ಶಿಕಾಯತ್ ತಂದುಕೊಟ್ಟವರು ಕಾಶಿಗೆ ಹೊರಟ ಒಬ್ಬ ಆಚಾರ್ಯರು.

ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುವ ಬಹಳ ಮಡಿಯ ಮನುಷ್ಯರು. ಮೊಣಕಾಲು ನೋವಿಗೆಂದು ವೈದ್ಯರು ಭಂಗಿ ಚೂರ್ಣ ಕೊಟ್ಟಿದ್ದರು. ನೋವು ಹೋಗಿ ವರ್ಷಗಳಾಗಿದ್ದವು, ಚೂರ್ಣ ಉಳಿದಿತ್ತು. ಇವರಿಗೆ ಕಾಯಿದೆಯ ಭಾಷೆ ನಾಟುವುದಿಲ್ಲ, ಶಾಸ್ತ್ರದ ಭಾಷೆಯಲ್ಲಿ ಹೇಳಬೇಕು ಅಂತ ನನ್ನ ಬುದ್ಧಿ ಓಡಿತು. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಪದಾರ್ಥವನ್ನು ಅಲ್ಲಿ ಬಿಟ್ಟು ಬರುವುದು ಪದ್ಧತಿಯಲ್ಲವೇ? ಒಬ್ಬರು ಮಾವು ಬಿಡುತ್ತಾರೆ, ಒಬ್ಬರು ಬದನೆಕಾಯಿ.

"ಆಚಾರ್ರ, ಹೆಂಗಿದ್ರೂ ಕಾಶಿಗಿ ಹೊಂಟೀರಿ. ಇದನ್ನೇ ಬಿಟ್ಟುಬಿಡ್ರಲ್ಲ. ಪುಣ್ಯ ಬರ್ತದ," ಅಂದೆ.

ಆಚಾರ್ಯರ ಮುಖ ಅರಳಿತು. "ಎಂಥಾ ಮಾತು ಹೇಳಿದ್ಯೋ! ಬಿಟ್ಟೆ. ಇವತ್ತೇ ಸಂಕಲ್ಪ ಮಾಡ್ದೆ. ಕಾಶ್ಯಾಗ ಬಿಡ್ತೇನಿ."

"ಹಂಗಾದ್ರ ಡಬ್ಬಿ ಇಲ್ಲೇ ಇಡ್ರಿ."

"ಇಲ್ಲಿ ಹೆಂಗ ಇಡಲಿ? ಕಾಶ್ಯಾಗ ಬಿಡಬೇಕಂದ್ರ ಕಾಶೀ ತನಕಾ ಒಯ್ಯಬೇಕಲ್ಲೋ! ಕಲಬುರ್ಗಿ ಸ್ಟೇಷನ್ನಿನ್ಯಾಗ ಬಿಟ್ರ ಯಾವ ವಿಶ್ವನಾಥ ಮೆಚ್ತಾನ?"

ನಾನು ಬಾಯಿ ತೆರೆಯುವಷ್ಟರಲ್ಲಿ ರೈಲು ಸೀಟಿ ಹೊಡೆಯಿತು. ಆಚೆ ಕಡೆ ಆದದ್ದನ್ನು ಶಿಕಾಯತಿನ ಕಾಗದ ಓದಿ ತಿಳಿದುಕೊಂಡೆ. ಗಡಿಯಲ್ಲಿ ಅಧಿಕಾರಿ ಡಬ್ಬಿ ಹಿಡಿದಾಗ ಆಚಾರ್ಯರು ಹೆದರಲಿಲ್ಲ. "ಇದು ನಾನು ಬಿಟ್ಟ ಪದಾರ್ಥ. ಬಿಡೋ ಜಾಗಾ ಇನ್ನೂ ಬಂದಿಲ್ಲ, ಅಷ್ಟೇ," ಅಂದರಂತೆ. ಅಧಿಕಾರಿ ಕಸಿದುಕೊಂಡಾಗ, "ನೀವು ಕಸಗೊಂಡ್ರ ಪುಣ್ಯ ನಿಮಗ ಹೋಗ್ತದ. ವಾಪಸ್ ಕೊಡ್ರಿ," ಎಂದು ಒಂದು ಗಂಟೆ ವಾದಿಸಿದರಂತೆ. ಕೊನೆಗೆ ಆ ಅಧಿಕಾರಿಯೇ ಡಬ್ಬಿ ಮಾತ್ರ ಇಟ್ಟುಕೊಂಡು, ಕೈ ಮುಗಿದು ಮುಂದಿನ ರೈಲು ಹತ್ತಿಸಿ, ಸಿಟ್ಟನ್ನೆಲ್ಲ ನಮ್ಮ ಮೇಲೆ ಕಾಗದದಲ್ಲಿ ತೀರಿಸಿಕೊಂಡಿದ್ದ.

ಎರಡು ತಿಂಗಳಾದ ಮೇಲೆ ಆಚಾರ್ಯರು ಗಂಗಾಜಲದ ತಂಬಿಗೆ ಹಿಡಿದು ಇಳಿದರು. ಕಾಲಿಗೆ ಬಿದ್ದು, "ಕಡೀಕ ಕಾಶ್ಯಾಗ ಏನು ಬಿಟ್ರಿ, ಆಚಾರ್ರ?" ಎಂದು ಕೇಳಿದೆ.

"ನಿನ್ನ ಮಾತು ಕೇಳೂದು ಬಿಟ್ಟೆ," ಅಂದರು.

೩. ಹೊಗೆಯ ದಿಕ್ಕು

ಕೆಲವರಿಗೆ ಹೇಳಿದ್ದು ಅರ್ಥವಾಗುತ್ತಿರಲಿಲ್ಲ. ಅವರ ಕಾಟ ತಡೆಯಬಹುದಿತ್ತು. ಕೆಲವರಿಗೆ ವಿಪರೀತ ಅರ್ಥವಾಗುತ್ತಿತ್ತು.

ತಾಜಸುಲ್ತಾನಪುರದ ಕಡೆಯ ಒಬ್ಬ ಗೌಡರು ನನ್ನ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ತಲೆಯಾಡಿಸುತ್ತ ಕೇಳಿ, "ತಿಳೀತು. ಈಗ ಒಂದು ಮಾತು ಹೇಳ್ರಿ. ರೈಲು ಗಡಿ ದಾಟೂಮುಂದ ಎಂಜಿನ್ನು ಕಂಪನಿ ಸರಕಾರದಾಗ ಇರ್ತದ, ಕಡೀ ಡಬ್ಬಿ ಮೊಗಲಾಯಾಗ ಇರ್ತದ. ಹೌದಿಲ್ಲೋ?" ಅಂದರು.

"ಹೌದ್ರಿ."

"ನಾ ಕಡೀ ಡಬ್ಬ್ಯಾಗ ಕೂತು ಚಿಲಿಮಿ ಸೇದಾಕತ್ತೀನಿ ಅನ್ರಿ. ಯಾರ ಕಾಯಿದೆ?"

"ಡಬ್ಬಿ ದಾಟೂ ತನಕಾ ನಮ್ದರಿ. ದಾಟಿದ ಮ್ಯಾಲೆ ಅವರದು. ಆಗ ಚಿಲಿಮಿ ನಿಮ್ಮ ಕೈಯಾಗ ಇದ್ರ ನಿಮ್ಮನ್ನ ಹಿಡೀತಾರ."

ಗೌಡರು ನನ್ನ ಬೆನ್ನು ತಟ್ಟಿ ನಕ್ಕರು. "ನನ್ನ ಹಿಡೀಲಿ, ಬ್ಯಾಡನ್ನೂದಿಲ್ಲ. ಆದ್ರ ರೈಲು ಮುಂದ ಹೋದ್ರ ಹೊಗಿ ಹಿಂದಕ್ಕ ಬರ್ತದ. ನಾ ಅಪರಾಧಿ ಇರಬಹುದು ಮುನಶೀ, ಹೊಗಿ ಮಾತ್ರ ಮೊಗಲಾಯಿ ಬಿಟ್ಟು ಎಲ್ಲೂ ಹೋಗಿಲ್ಲ!"

ಚಿಲಿಮಿಯನ್ನು ನನ್ನ ಮೇಜಿನ ಮೇಲಿಟ್ಟು ನಗುತ್ತಲೇ ರೈಲು ಹತ್ತಿದರು. ದೇವರು ದೊಡ್ಡವನು.

೪. ದಿಬ್ಬಣ

ಎರಡನೆಯ ಶಿಕಾಯತಿಗೆ ನನ್ನ ನಾಲಿಗೆಯೇ ಕಾರಣ. ಯಾರನ್ನೂ ದೂರುವುದಿಲ್ಲ.

ಕೋಟನೂರಿನಿಂದ ಒಂದು ಮದುವೆ ದಿಬ್ಬಣ ಹೊರಟಿತ್ತು. ಹೆಣ್ಣಿನ ಕಡೆಯವರು ಗಡಿಯಾಚೆಯವರು. ಗಂಡಿನ ಕಡೆ ಹನ್ನೊಂದು ಮಂದಿ ಹಿರಿಯರು, ಸೋದರಮಾವ, ದೊಡ್ಡಪ್ಪ, ಚಿಕ್ಕಪ್ಪ, ಎಲ್ಲರೂ ಜರತಾರಿ ರುಮಾಲಿನವರು. ಮಧ್ಯದಲ್ಲಿ ಮದುಮಗ. ಶಾಲೆಯ ಮಾಸ್ತರ, ಊದಿದರೆ ಹಾರಿಹೋಗುವಷ್ಟು ತೆಳ್ಳಗಿನ ಹುಡುಗ. ಬಾಸಿಂಗ ಕಟ್ಟಿ, ಕೈಯಲ್ಲಿ ಕಟಾರಿ ಕೊಟ್ಟು, ಮೇಲೆ ದೊಡ್ಡಪ್ಪನ ಕಾಲದ ದೊಡ್ಡ ಶೇರವಾನಿ ತೊಡಿಸಿದ್ದರು. ಅದರೊಳಗೆ ಅವನು ಎಲ್ಲಿದ್ದಾನೆಂದು ಹುಡುಕಬೇಕಾಗಿತ್ತು.

ನಾನು ಹಿರಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಪಾಠ ಹೇಳಿದೆ. ಭಂಗಿ ಇಲ್ಲಿ ನಡೆಯುತ್ತದೆ, ಅಲ್ಲಿಲ್ಲ. ರುಮಾಲು ಬಿಚ್ಚಿ ನೋಡುತ್ತಾರೆ, ಬುತ್ತಿಗಂಟು ಬಿಚ್ಚಿ ನೋಡುತ್ತಾರೆ. ಹಿರಿಯರ ಮುಖಗಳು ಒಂದೊಂದಾಗಿ ಬಾಡಿದವು. ಮದುವೆಯ ಮನೆಯಲ್ಲಿ ಸಂಜೆ ಹೊತ್ತು ಹೋಗಬೇಕಲ್ಲ! ಸೋದರಮಾವ ಮೆಲ್ಲಗೆ ಕೇಳಿದ: "ಎಲ್ಲಾರನ್ನೂ ನೋಡ್ತಾರೇನ್ರಿ?"

"ಎಲ್ಲಾರನ್ನೂ. ಬಾಸಿಂಗ ಕಟ್ಟಿದ ಮದುಮಗನ್ನ ಮಾತ್ರ ಮರ್ಯಾದಿಗಿ ಮುಟ್ಟೂದಿಲ್ಲ," ಅಂದುಬಿಟ್ಟೆ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ, ಆದರೆ ಮಾತು ಹೊರಗೆ ಬಿದ್ದಾಗಿತ್ತು. ರೈಲಿನಲ್ಲಿ ನಡೆದದ್ದನ್ನು ಆಮೇಲೆ ಮದುಮಗನೇ ನನಗೆ ಹೇಳಿದ. ಮೊದಲು ಸೋದರಮಾವ ಬಂದು, "ಥಂಡಿ ಅದ, ಗುಂಡಿ ಹಾಕ್ತೀನಿ ತಡಿ," ಎಂದು ಶೇರವಾನಿಯೊಳಗೆ ಏನೋ ತುರುಕಿದ. ಆಮೇಲೆ ದೊಡ್ಡಪ್ಪ ಬಂದು ಹೆಗಲು ಸವರಿ ಇನ್ನೊಂದು ತುರುಕಿದ. ಹನ್ನೊಂದು ಮಂದಿ ಹಿರಿಯರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ಬಂದು ಪ್ರೀತಿಯಿಂದ ಅಪ್ಪಿಕೊಂಡು ಹೋದರು. "ನಮ್ಮ ಮನ್ಯಾಗ ನನ್ನ ಮ್ಯಾಲೆ ಇಷ್ಟು ಮಾಯಾ ಅದ ಅಂತ ನನಗ ಗೊತ್ತೇ ಇರ್ಲಿಲ್ರಿ. ಕಣ್ಣಾಗ ನೀರು ಬಂದ್ವು," ಅಂದ ಪಾಪದ ಹುಡುಗ.

ಗಡಿ ಸ್ಟೇಷನ್ನಿನಲ್ಲಿ ಬೀಗರು ಬಾಜಾಬಜಂತ್ರಿ ಸಮೇತ ಕಾದು ನಿಂತಿದ್ದರು. ಇಳಿದ ಮದುಮಗ ಎದೆಯುಬ್ಬಿ, ಹೊಟ್ಟೆ ತುಂಬಿ, ತೋಳು ದಪ್ಪಗಾಗಿ ಬರುವುದನ್ನು ನೋಡಿ ಹೆಣ್ಣಿನ ತಂದೆಗೆ ಹಿಗ್ಗೇ ಹಿಗ್ಗು. "ನೋಡಾಕ ಹೋದಾಗ ಕಡ್ಡಿ ಇದ್ದಂಗ ಇದ್ದ. ನಿಶ್ಚಯ ಆದ ಮ್ಯಾಲೆ ಹೆಂಗ ತುಂಬ್ಕೊಂಡಾನ ನೋಡ್ರಿ," ಎಂದು ಅಕ್ಕಪಕ್ಕದವರಿಗೆ ತೋರಿಸಿದರು.

ಅಷ್ಟರಲ್ಲಿ ಮದುಮಗ ಬೀಗರ ಕಾಲು ಮುಟ್ಟಲು ಬಾಗಿದ. ಶೇರವಾನಿಯ ಕೆಳಗಿನಿಂದ ಒಂದು ಪೊಟ್ಟಣ ಟಪ್ಪೆಂದು ಅಧಿಕಾರಿಯ ಬೂಟಿನ ಮೇಲೆ ಬಿತ್ತು. ಮದುಮಗನನ್ನು ಒಳಗೆ ಕರೆದೊಯ್ದರು. ಅರ್ಧ ಗಂಟೆಯಾದ ಮೇಲೆ, ಶೇರವಾನಿ ಜೋಲಾಡಿಸುತ್ತ, ಮತ್ತೆ ಕಡ್ಡಿಯಾಗಿ ಹೊರಗೆ ಬಂದ.

ಹೆಣ್ಣಿನ ತಂದೆ ಅವನನ್ನು ಮೇಲಿಂದ ಕೆಳಗೆ ನೋಡಿ, ಅಧಿಕಾರಿಯ ಕಡೆ ತಿರುಗಿ, ಕೈ ಮುಗಿದು ಕೇಳಿದರು: "ಸಾಹೇಬ್ರ, ನಮ್ಮ ಅಳಿಯಾ ಇನ್ನೂ ಅರ್ಧ ಒಳಗೇ ಉಳದಾನಲ್ರಿ?"

೫. ಅಜ್ಜಿಯ ಸೊಪ್ಪು

ಎರಡು ಶಿಕಾಯತ್ ಆದವು. ದಾರೋಗಾ ಸಾಹೇಬರು ನನ್ನನ್ನು ಕಂಡಾಗಲೆಲ್ಲ ಬಾಯಿ ಬಿಡದೆ ಎರಡು ಬೆರಳು ತೋರಿಸುತ್ತಿದ್ದರು. ಕಮಲಾಪುರಕ್ಕೆ ಹೋದಾಗ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಬಾಳೆಹಣ್ಣು ಸುಲಿಯುವುದನ್ನು ನಿಲ್ಲಿಸಿ, "ಹುಲಿ ಹಗಲಿನ್ಯಾಗ ಬರ್ತಾವೇನ್ರಿ?" ಎಂದು ಕೇಳಿದಳು.

ಒಂದು ಗುರುವಾರ, ಟಾಂಗಾ ಹತ್ತಲು ಒಂದು ಕಾಲು ಇಟ್ಟಿದ್ದೆ, ತಂತಿ ಬಂತು. ಕಲಬುರ್ಗಿಯಿಂದ ಬಂದ ಮುದುಕಿಯೊಬ್ಬಳು ಒಂದು ಗಂಟು ಹಸಿ ಗಾಂಜಾ ಎಲೆಯ ಸಮೇತ ಸಿಕ್ಕಿದ್ದಾಳೆ, ನಿಮ್ಮ ಕಡೆಯ ಅಧಿಕಾರಿಗಳು ಕೂಡಲೇ ಬಂದು ಸಾಕ್ಷಿಯಾಗಬೇಕು. ದಾರೋಗಾ ಸಾಹೇಬರು ಈ ಸಲ ಮೂರು ಬೆರಳು ಎತ್ತಿದರು. ಇಬ್ಬರೂ ಮುಂದಿನ ರೈಲು ಹತ್ತಿ ಗಡಿ ಸ್ಟೇಷನ್ನಿಗೆ ಹೋದೆವು.

ಅಲ್ಲಿ ಬೆಂಚಿನ ಮೇಲೆ ಕೂತಿದ್ದವಳು ನಮ್ಮ ಕಮಲಾಪುರದ ಪಕ್ಕದ ಮನೆಯ ಅಜ್ಜಿ! ಊರಿಗೆ ಹೊರಡುವ ಗಡಿಬಿಡಿಯಲ್ಲಿ ಅವಳು ರೈಲು ಹತ್ತಿದ್ದನ್ನು ನಾನು ನೋಡಿರಲಿಲ್ಲ. ಹಣೆ ತುಂಬ ವಿಭೂತಿ, ಮಡಿಲಲ್ಲಿ ಒದ್ದೆ ಬಟ್ಟೆಯ ಗಂಟು.

"ಯವ್ವಾ, ಏನ್ ಒಯ್ಯಾಕತ್ತಿದ್ದಿ?" ಅಂದೆ.

"ಏನ್ ಒಯ್ಯಲೋ ಯಪ್ಪಾ? ಪುಂಡಿ ಸೊಪ್ಪು. ಮಗಳು ಬಸುರಿ ಅದಾಳ, ಪುಂಡಿ ಪಲ್ಯದ ಬಯಕಿ ಆಗ್ಯದ. ನಮ್ಮ ಹೊಲದ ಸೊಪ್ಪೇ ಬೇಕಂತ. ಬಯಕಿ ತೀರ್ಲಿಲ್ಲಂದ್ರ ಕೂಸಿನ ಕಿವಿ ಸೋರ್ತದ. ಈ ಕೆಂಪು ಮೋತಿಯಂವ ನನ್ನ ಹಿಡದು ಕುಂದರ್ಸ್ಯಾನ!"

ಕೆಂಪು ಮುಖದವರು ಹೊಸದಾಗಿ ವಿಲಾಯಿತಿಯಿಂದ ಬಂದಿದ್ದ ಸಾಹೇಬರು. ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ತೆರೆದಿತ್ತು, ಅದರಲ್ಲಿ ಗಾಂಜಾ ಎಲೆಯ ಚಿತ್ರ. ಪಕ್ಕದಲ್ಲಿ ಅಜ್ಜಿಯ ಪುಂಡಿ ಎಲೆ. ಸುಳ್ಳೇಕೆ ಹೇಳಲಿ, ಚಿತ್ರಕ್ಕೂ ಎಲೆಗೂ ಅಣ್ಣತಮ್ಮಂದಿರ ಹೋಲಿಕೆ ಇತ್ತು. ಎರಡಕ್ಕೂ ಬೆರಳು ಚಾಚಿದ ಹಾಗೆ ಐದು ಸೀಳು, ಅಂಚಿಗೆಲ್ಲ ಗರಗಸದ ಹಲ್ಲು.

ನಾನು ಅಲ್ಲಿನ ಜವಾನರನ್ನು ಮೂಲೆಗೆ ಕರೆದು, "ನೀವರ ಹೇಳಬಾರದೇನ್ರೋ? ನೀವೂ ದಿನಾ ಉಣ್ಣೂ ಸೊಪ್ಪಿದು," ಅಂದೆ. ಅವರಲ್ಲಿ ಹಿರಿಯವನು, "ಸಾಹೇಬರು ದೊಡ್ಡ ಬೇಟೆ ಸಿಕ್ಕದಂತ ಮ್ಯಾಲಿನವರಿಗಿ ತಂತಿ ಹೊಡದು ಬಿಟ್ಟಾರ. ಈಗ ಇದು ಪಲ್ಯ ಅಂತ ಯಾವ ಮಗ ಹೇಳ್ತಾನ್ರಿ?" ಅಂದ.

ಕೊನೆಗೆ ನಾನೇ ಧೈರ್ಯ ಮಾಡಿ, ಇದು ಅಡಿಗೆಯ ಹುಳಿ ಸೊಪ್ಪು ಎಂದು ಹೇಳಿದೆ. ಸಾಹೇಬರು ಮುರುಕು ಹಿಂದೂಸ್ತಾನಿಯಲ್ಲಿ, ಎಲ್ಲ ಕಳ್ಳರೂ ಹೀಗೇ ಹೇಳುತ್ತಾರೆ ಎಂದರು. ಅಜ್ಜಿಗೆ ಮಾತು ತಿಳಿಯಲಿಲ್ಲ, ಆದರೆ ಧ್ವನಿ ತಿಳಿಯಿತು. ಎದ್ದು ನಿಂತಳು.

"ಒಂದು ಗಡಿಗಿ ತರ್ರಿ. ಬಳ್ಳೊಳ್ಳಿ, ಹಸಿ ಮೆಣಸಿನಕಾಯಿ, ಒಂದು ಹಿಡಿ ಜ್ವಾಳದ ನುಚ್ಚು ತರ್ರಿ. ಈಗ ಮಾಡಿ ತೋರಸ್ತೀನಿ. ಉಂಡು ನೋಡ್ಲಿ, ಅಮಲು ಏರ್ತದೋ ಇಲ್ಲೋ!"

ಸಾಹೇಬರಿಗೆ ಈ ಪರೀಕ್ಷೆ ಬಹಳ ಹಿಡಿಸಿತು. ಪರೀಕ್ಷೆಯೆಂದರೆ ಶಿಸ್ತಾಗಿ ನಡೆಯಬೇಕು, ಎರಡೂ ಸರಕಾರದವರು ಉಣ್ಣಬೇಕು ಎಂದರು. ಸ್ಟೇಷನ್ನಿನ ಹಿಂದೆ, ಬೇವಿನ ಮರದ ಕೆಳಗೆ ಅಜ್ಜಿ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಒಂದು ಹಿಡಿ ಸೊಪ್ಪು ಕುದಿಸಿ ಪಲ್ಯ ಮಾಡಿದಳು, ಬಿಸಿ ಬಿಸಿ ಜೋಳದ ರೊಟ್ಟಿ ಬಡಿದಳು, ಬಳ್ಳೊಳ್ಳಿ ಒಗ್ಗರಣೆ ಸುರಿದಳು. ಸಾಹೇಬರು ಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡು ಒಂದು ತುತ್ತು ತಿಂದರು. ಹುಳಿಗೆ ಒಂದು ಕಣ್ಣು ಮುಚ್ಚಿತು. ಎರಡನೆಯ ತುತ್ತಿಗೆ ತೆರೆಯಿತು. ನಾಲ್ಕು ರೊಟ್ಟಿ ಉಂಡರು. ದಾರೋಗಾ ಸಾಹೇಬರು ನಮ್ಮ ಸರಕಾರದ ಮರ್ಯಾದೆ ಉಳಿಸಲು ಐದು ಉಂಡರು. ನಾನು ಎಣಿಸಲಿಲ್ಲ.

ಬಿಸಿಲು ರಣಗುಡುತ್ತಿತ್ತು, ಬೇವಿನ ನೆರಳು ತಣ್ಣಗಿತ್ತು. ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಮುಖಕ್ಕೆ ನೀರು ಬಿದ್ದಾಗ ಕಣ್ಣು ಬಿಟ್ಟೆ. ನನ್ನ ಪಕ್ಕದಲ್ಲಿ ದಾರೋಗಾ ಸಾಹೇಬರು ಗೊರಕೆ ಹೊಡೆಯುತ್ತಿದ್ದರು. ಅವರ ಹೊಟ್ಟೆಯ ಮೇಲೆ ಸಾಹೇಬರ ಟೋಪಿ, ಅದರಾಚೆ ಸಾಹೇಬರು. ಕಾವಲಿನ ಜವಾನರೂ ಉಳಿದ ಪಲ್ಯ ಉಂಡು ಗೋಡೆಗೊರಗಿದ್ದರು. ಎಚ್ಚರವಿದ್ದವಳು ಅಜ್ಜಿಯೊಬ್ಬಳೇ. ತಂಬಿಗೆ ಹಿಡಿದು ಸಾಹೇಬರ ಮುಖಕ್ಕೆ ನೀರು ಚಿಮುಕಿಸುತ್ತ, "ಏಳ್ರೀ ಸಾಹೇಬ್ರ, ಆರು ಹೊಡೀತು. ನನ್ನ ಜೇಲಿಗಿ ಹಾಕೂದದ, ಏಳ್ರಿ!" ಅನ್ನುತ್ತಿದ್ದಳು.

ಸಾಹೇಬರು ಎದ್ದು, ಗಡಿಯಾರ ನೋಡಿ, ಸಂತೋಷದಿಂದ ಪುಸ್ತಕದಲ್ಲಿ ಬರೆದುಕೊಂಡರು: ಮೂರು ಗಂಟೆ ಸಂಪೂರ್ಣ ಮೂರ್ಛೆ, ಎಲೆಯ ಗುಣ ಖಚಿತ.

ನನ್ನ ಕಣ್ಣ ಮುಂದೆ ಆದಿಲಾಬಾದು, ಅದರ ಮುಂದೆ ಹುಲಿ. ಸಾಹೇಬರು ಬರೆದದ್ದೇನೆಂದು ಅಜ್ಜಿಗೆ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಕ್ಕಳು.

"ಉಂಡು ಮಲಗೂದು ಗಾಂಜಾದ ಗುಣ ಅಂದ್ರ ನಮ್ಮ ಮನಿಯವರು ನಲವತ್ತು ವರ್ಷ ಗಾಂಜಾದಾಗೇ ಕಳದ್ರು! ನಾಳಿ ಮಧ್ಯಾಹ್ನ ಸೊಪ್ಪಿಲ್ದ ಉಣಸ್ತೀನಿ. ಬರೇ ರೊಟ್ಟಿ, ಮಸರು, ಶೇಂಗಾ ಹಿಂಡಿ. ನೋಡೋಣು ಎಷ್ಟೊತ್ತು ಕಣ್ಣು ಬಿಟ್ಕೊಂಡು ಕೂಡ್ತಾನ."

ಮರುದಿನ ಸೊಪ್ಪಿಲ್ಲದೆ ಊಟವಾಯಿತು. ಸಾಹೇಬರು ನಾಲ್ಕು ಗಂಟೆ ಮಲಗಿದರು. ಮೂರನೆಯ ದಿನ ರೊಟ್ಟಿಯಿಲ್ಲದೆ ಬರೀ ಸೊಪ್ಪಿನ ರಸ ಕುಡಿಸಿದಳು. ಸಾಹೇಬರು ಹುಳಿಗೆ ಮುಖ ಕಿವುಚಿಕೊಂಡು ಸಂಜೆಯವರೆಗೆ ರೆಪ್ಪೆ ಬಡಿಯದೆ ಕೂತರು. ಪ್ರಾಮಾಣಿಕ ಮನುಷ್ಯ. ಮೊದಲು ಬರೆದದ್ದನ್ನು ತಮ್ಮ ಕೈಯಿಂದಲೇ ಹೊಡೆದುಹಾಕಿ, ಎಲೆಯಲ್ಲಿ ದೋಷವಿಲ್ಲ, ಅಮಲಿರುವುದು ರೊಟ್ಟಿಯಲ್ಲಿ ಎಂದು ಬರೆದರು. ಆಮೇಲೆ ಗಂಭೀರವಾಗಿ ನನ್ನನ್ನು ಕೇಳಿದರು: "ಈ ರೊಟ್ಟಿಗೆ ನಿಮ್ಮ ರಾಜ್ಯದಲ್ಲಿ ಪರವಾನಗಿ ಇದೆಯೇ?"

ಅಜ್ಜಿ ನೀರು ಚಿಮುಕಿಸಿ ಬಾಡದಂತೆ ಕಾಪಾಡಿದ್ದ ಸೊಪ್ಪಿನ ಗಂಟನ್ನು ಎತ್ತಿಕೊಂಡು ರೈಲು ಹತ್ತಿದಳು. ಸಾಹೇಬರೇ ನಿಂತು ಬಾಗಿಲು ತೆಗೆದರು. ಮಗಳ ಬಯಕೆ ತೀರಿತು. ಹುಟ್ಟಿದ ಕೂಸಿನ ಕಿವಿ ಗಟ್ಟಿಯಾಗಿದ್ದವಂತೆ.

ಮೂರನೆಯ ಶಿಕಾಯತ್ ರದ್ದಾಯಿತು. ನಾನು ಪಾರಾದೆ ಅಂದುಕೊಂಡೆ. ಮುಂದಿನ ಗುರುವಾರ ಊರಿಗೆ ಹೋದಾಗ ಒಂದು ಗೊನೆ ಬಾಳೆಹಣ್ಣು ತಂದು ಕಲಬುರ್ಗಿಯ ಕಚೇರಿಗೆಲ್ಲ ಹಂಚುವುದೆಂದು ಲೆಕ್ಕ ಹಾಕಿದ್ದೆ. ಹೆಂಡತಿಗೂ ಹೇಳಿ ಕಳಿಸಿದ್ದೆ, ಇನ್ನು ಹುಲಿಯ ಯೋಚನೆ ಬೇಡ ಅಂತ.

ಆದರೆ ಸಾಹೇಬರ ಪ್ರಾಮಾಣಿಕತೆ ಅಲ್ಲಿಗೇ ನಿಲ್ಲಲಿಲ್ಲ. ಅವರು ನಮ್ಮ ಮೇಲಿನವರಿಗೆ ಒಂದು ಉದ್ದನೆಯ ಕಾಗದ ಬರೆದರು. ನಿಮ್ಮ ದಾರೋಗಾ ಮತ್ತು ಮುನಶಿ ಗುರುತಿಲ್ಲದ ಎಲೆಯನ್ನು ತಮ್ಮ ಸ್ವಂತ ಹೊಟ್ಟೆಯ ಮೇಲೆ ಪರೀಕ್ಷಿಸಿದ ಧೀರರು. ಇಂಥವರು ಒಂದು ರೈಲು ಸ್ಟೇಷನ್ನಿನಲ್ಲಿ ಕೊಳೆಯಬಾರದು. ಗುರುತಿಲ್ಲದ ಎಲೆ ಎಲ್ಲಿ ಹೆಚ್ಚೋ ಅಲ್ಲಿ ಇವರ ಸೇವೆ ಬೇಕು.

ವಿಲಾಯಿತಿ ಸಾಹೇಬರ ಹೊಗಳಿಕೆ! ಮೇಲಿನವರು ಹಿಗ್ಗಿಹೋದರು. ಹದಿನೈದು ದಿನದೊಳಗೆ ಹುಕುಂ ಬಂತು. ಇಬ್ಬರಿಗೂ ಬಡ್ತಿ. ಇಬ್ಬರಿಗೂ ಆದಿಲಾಬಾದು.

ದಾರೋಗಾ ಸಾಹೇಬರು ಹುಕುಮನ್ನು ಮೂರು ಸಲ ಓದಿದರು. ಅವರ ಮೀಸೆ ಅಷ್ಟು ಕೆಳಗಿಳಿದದ್ದನ್ನು ನಾನು ಕಂಡಿರಲಿಲ್ಲ. ನನ್ನ ಹೆಂಡತಿ ಅತ್ತು, ಅತ್ತ ಮೇಲೆ ಪೆಟ್ಟಿಗೆ ಕಟ್ಟಿದಳು. ನಾನೂ ಅತ್ತೆ. ಅದರಲ್ಲಿ ನಾಚಿಕೆಯೇನಿಲ್ಲ.

ಕೊನೆಯ ಹಾದಿ ಎತ್ತಿನ ಗಾಡಿಯಲ್ಲಿ. ಎರಡೂ ಕಡೆ ಸಾಗವಾನಿ ಮರ, ಹಕ್ಕಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೆಂಡತಿ ಹಿಂದೆ ಗಂಟುಗಳ ನಡುವೆ ಕೂತಿದ್ದಳು. ದಾರೋಗಾ ಸಾಹೇಬರು ನನ್ನ ಪಕ್ಕದಲ್ಲಿ, ಮಡಿಲಲ್ಲಿ ಕೋಲು ಹಿಡಿದುಕೊಂಡು ಪ್ರತಿ ಪೊದೆಯನ್ನೂ ದ್ವೇಷದಿಂದ ನೋಡುತ್ತಿದ್ದರು. ನನಗೆ ಯಾಕೋ ಒಮ್ಮೆಲೇ ಹೆದರಿಕೆಯೆಲ್ಲ ಹೋಗಿ ನಗು ಬಂತು.

"ಸಾಹೇಬ್ರ, ಇನ್ನ ನನ್ನಿಂದ ಏನಾರ ತಪ್ಪಾದ್ರ ಎಲ್ಲಿಗಿ ಹಾಕ್ತೀನಂತ ಅಂಜಸ್ತೀರಿ?" ಅಂದೆ.

ಅವರು ಪೊದೆಯಿಂದ ಕಣ್ಣು ಕೀಳದೆ, "ಕಲಬುರ್ಗಿಗಿ," ಅಂದರು.

ಮರುದಿನ ಬೆಳಿಗ್ಗೆಯಿಂದಲೇ ನಾನು ಮನಸ್ಸಿಟ್ಟು ತಪ್ಪು ಮಾಡಲು ಶುರು ಮಾಡಿದೆ. ಸಂಜೆ ನೋಡಿದರೆ ದಾರೋಗಾ ಸಾಹೇಬರು ನನಗಿಂತ ಎರಡು ತಪ್ಪು ಮುಂದಿದ್ದರು.